ಗೊಂಬೆಮನೆಯ ಪಾರ್ಕಿಗೆ ಒಂದು ಹಿಡಿ ರಾಗಿ

ಮಹಾಲಯ ಅಮಾವಾಸ್ಯೆಗೆ ಇನ್ನೂ ನಾಲ್ಕೈದು ದಿನ ಇರುವಾಗಲೇ ಹಳೆ ಮೈಸೂರು ಸೀಮೆಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಒಂದು ಹಿಡಿ ರಾಗಿಯನ್ನು ನೀರಿಗೆ ಹಾಕುತ್ತಾರೆ. ಅದು ಅಂಬಲಿಗಲ್ಲ, ಹುರಿಹಿಟ್ಟಿಗೂ ಅಲ್ಲ. ರಾತ್ರಿಯಿಡೀ ನೆನೆದ ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ತಟ್ಟೆಯ ಮಣ್ಣಿನ ಮೇಲೆ ಒತ್ತಾಗಿ ಹರಡಿದರೆ ನವರಾತ್ರಿಯ ನಡುವಿನ ಹೊತ್ತಿಗೆ ಎರಡು ಅಂಗುಲದ ಹಸಿರು ಪೈರು ಎದ್ದು ನಿಂತಿರುತ್ತದೆ. ಅದರ ನಡುವೆ ಒಂದು ಜೊತೆ ಚನ್ನಪಟ್ಟಣದ ಎತ್ತು, ನೇಗಿಲು ಹಿಡಿದ ಒಬ್ಬ ಮಣ್ಣಿನ ರೈತ, ಬದುವಿನ ಮೇಲೆ ಬುತ್ತಿ ಹೊತ್ತ ಹೆಂಗಸು. ಮೆಟ್ಟಿಲ ಮೇಲೆ ಪಟ್ಟದ ಗೊಂಬೆಗಳು ಎಷ್ಟೇ ವೈಭವದಿಂದ ಕುಳಿತಿರಲಿ, ಬೊಂಬೆ ಬಾಗಿನಕ್ಕೆಂದು ಬರುವ ಮಕ್ಕಳು ಮೊದಲು ಬಗ್ಗಿ ನೋಡುವುದು ಕೆಳಗಿನ ಈ ಗದ್ದೆಯನ್ನೇ.

ಮನೆಮಾತಿನಲ್ಲಿ ಇದಕ್ಕೆ ‘ಪಾರ್ಕು’ ಎಂದು ಹೆಸರು. ಹೆಸರು ಇಂಗ್ಲಿಷಿನದಾದರೂ ಒಳಗಿರುವುದು ಕಬ್ಬನ್ ಪಾರ್ಕಲ್ಲ; ಹಳ್ಳಿ, ಗುಡ್ಡ, ಕೆರೆ, ಸಂತೆ, ಮದುವೆ ದಿಬ್ಬಣ. ಪಾಶ್ಚಾತ್ಯರು ಇಂಥ ಪುಟ್ಟ ದೃಶ್ಯಗಳಿಗೆ ಡಯೊರಾಮಾ ಎನ್ನುತ್ತಾರೆ. ಆ ಪದವನ್ನು ಬಳಕೆಗೆ ತಂದವನು ಮುಂದೆ ಛಾಯಾಗ್ರಹಣದ ಜನಕರಲ್ಲಿ ಒಬ್ಬನೆನಿಸಿಕೊಂಡ ಲೂಯಿ ಡಾಗೆರ್. 1822ರಲ್ಲಿ ಆತ ಪ್ಯಾರಿಸ್ಸಿನಲ್ಲಿ ತೆರೆದ ಡಯೊರಾಮಾ ಒಂದು ಪ್ರದರ್ಶನ ಮಂದಿರ. ತೆಳು ಬಟ್ಟೆಯ ಮೇಲೆ ಬರೆದ ದೊಡ್ಡ ಚಿತ್ರಗಳ ಮೇಲೆ ಹಿಂದಿನಿಂದಲೂ ಮುಂದಿನಿಂದಲೂ ಬೆಳಕು ಬದಲಿಸಿ, ಹಗಲನ್ನು ಇರುಳಾಗಿಸಿ ಜನರನ್ನು ಬೆರಗುಗೊಳಿಸುತ್ತಿದ್ದರು. 1839ರಲ್ಲಿ ಆ ಮಂದಿರ ಬೆಂಕಿಗೆ ಆಹುತಿಯಾಯಿತು. ಹೆಸರು ಮಾತ್ರ ಉಳಿದು, ಕಾಲಕ್ರಮದಲ್ಲಿ ವಸ್ತುಸಂಗ್ರಹಾಲಯದ ಗಾಜಿನ ಹಿಂದಿನ ಕಾಡಿಗೂ ಆಟಿಕೆ ರೈಲಿನ ಸುತ್ತಲ ಊರಿಗೂ ಅಂಟಿಕೊಂಡಿತು.

ನಮ್ಮಲ್ಲಿ ಗೊಂಬೆ ಕೂರಿಸುವ ಸಂಪ್ರದಾಯ ದಸರೆಯೊಂದಿಗೆ ಹೆಣೆದುಕೊಂಡಿದೆ. ರಾಜ ಒಡೆಯರು 1610ರಲ್ಲಿ ದಸರಾ ಉತ್ಸವವನ್ನು ಆರಂಭಿಸಿದ್ದು ಇಂದಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ. ಮೈಸೂರು ಅರಮನೆಯಲ್ಲಿ ಗೊಂಬೆ ತೊಟ್ಟಿ ಎಂಬ ಅಂಗಳವೇ ಇದೆ. ಗೊಂಬೆಗಳ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 2005ರಿಂದ ‘ಬೊಂಬೆ ಮನೆ’ ಪ್ರದರ್ಶನವನ್ನೂ ನಡೆಸುತ್ತ ಬಂದಿದೆ. ಆದರೆ ಗೊಂಬೆಯ ಕಾಲಡಿಯ ನೆಲ, ಬೆನ್ನ ಹಿಂದಿನ ಗುಡ್ಡ, ಪಕ್ಕದ ಮರ ಎಲ್ಲಿಂದ ಬರುತ್ತವೆ ಎಂದು ಕೇಳುವವರು ಕಡಿಮೆ. ಅಂಗಡಿಯಲ್ಲಿ ಗೊಂಬೆ ಸಿಗುತ್ತದೆ, ಊರು ಸಿಗುವುದಿಲ್ಲ. ಅದನ್ನು ಹುಡುಕಿ ಹೆಕ್ಕಿ ತರಬೇಕು.

ಅಡಿಗೊಂದು ಅಂಗುಲ

ಹುಡುಕುವುದಕ್ಕೆ ಮುಂಚೆ ಒಂದು ಲೆಕ್ಕ ತಿಳಿದಿರಬೇಕು. ಮನೆಗಳಲ್ಲಿ ಇಡುವ ಸಾಧಾರಣ ಮನುಷ್ಯ ಗೊಂಬೆ ಐದೂವರೆ, ಆರು ಅಂಗುಲ ಎತ್ತರದ್ದು. ನಿಜವಾದ ಮನುಷ್ಯ ಐದೂವರೆ, ಆರು ಅಡಿ. ಅಂದರೆ ಅಡಿಗೆ ಒಂದು ಅಂಗುಲ, ಹನ್ನೆರಡರಲ್ಲಿ ಒಂದು ಪಾಲು. ಈ ಲೆಕ್ಕದಲ್ಲಿ ಬಾಗಿಲು ಆರು ಅಂಗುಲ, ಹಸು ನಾಲ್ಕೂವರೆ ಅಂಗುಲ. ಎರಡು ಅಂಗುಲದ ರಾಗಿ ಪೈರು ಎರಡು ಅಡಿ ಎತ್ತರದ ಬೆಳೆಯಾಯಿತು. ಹೊಲದಲ್ಲಿ ರಾಗಿ ಬೆಳೆಯುವುದೂ ಹೆಚ್ಚುಕಡಿಮೆ ಅಷ್ಟೇ! ತಟ್ಟೆಯ ರಾಗಿ ಹೊಲದ ರಾಗಿಗೆ ಅಳತೆ ಹಿಡಿದ ಹಾಗೆ ಸರಿಹೋಗುತ್ತದೆ. ಎಲೆಯೂ ಕಿರಿದಾಗಿ, ಸೂಜಿಯಂತೆ ನೆಟ್ಟಗಿರುವುದರಿಂದ ಭತ್ತದ ಗದ್ದೆಯೆಂದರೂ ನಂಬಬಹುದು.

ಸಾಸಿವೆಯ ಕತೆ ಬೇರೆ. ಅದು ರಾಗಿಗಿಂತ ಬೇಗ ಮೊಳೆಯುತ್ತದೆ. ಕೊನೆಯ ಗಳಿಗೆಯಲ್ಲಿ ನೆನಪಾದವರಿಗೆ ಅದೇ ಗತಿ. ಆದರೆ ಅದರ ಎಲೆ ಅಗಲ, ಹೃದಯದಾಕಾರ. ಗೊಂಬೆಯ ಪಕ್ಕದಲ್ಲಿ ಅದು ಹುಲ್ಲಾಗಿ ಕಾಣದೆ ಹಿಪ್ಪುನೇರಳೆ ತೋಟದಂತೆ ಕಾಣುತ್ತದೆ. ರೇಷ್ಮೆ ಬೆಳೆಯುವ ಮಳವಳ್ಳಿ ಕಡೆಯವರಿಗೆ ಇದೂ ಬೇಕಾದದ್ದೇ. ಅದರ ಪಕ್ಕ ಕಾಗದದ ಸುರುಳಿಯಿಂದ ಚಂದ್ರಿಕೆಯೊಂದನ್ನು ಮಾಡಿ ಒರಗಿಸಿದರೆ ರೇಷ್ಮೆ ಮನೆ ಸಿದ್ಧ.

ಇನ್ನೊಂದು ಉಪಾಯವಿದೆ. ಮೊಳೆತ ರಾಗಿಯನ್ನು ಎರಡು ತಟ್ಟೆಗಳಲ್ಲಿ ಹಾಕಿ ಒಂದನ್ನು ಕಿಟಕಿಯ ಬಳಿ, ಇನ್ನೊಂದನ್ನು ಬುಟ್ಟಿ ಕವುಚಿ ಕತ್ತಲಲ್ಲಿ ಇಡುವುದು. ಬೆಳಕಿಲ್ಲದೆ ಹಸಿರು ಬಣ್ಣದ ಪತ್ರಹರಿತ್ತು ಹುಟ್ಟುವುದಿಲ್ಲ. ಕತ್ತಲ ತಟ್ಟೆಯ ಪೈರು ಬಿಳಿಚಿದ ಹಳದಿಯಾಗಿ ಉದ್ದಕ್ಕೆ ಬೆಳೆಯುತ್ತದೆ. ಎರಡನ್ನೂ ಒತ್ತಿಗಿಟ್ಟರೆ ಒಂದು ಕಡೆ ಎಳೆಯ ಗದ್ದೆ, ಇನ್ನೊಂದು ಕಡೆ ಕೊಯ್ಲಿಗೆ ಬಂದ ಗದ್ದೆ. ನೀರನ್ನು ಮಾತ್ರ ಸುರಿಯಬಾರದು, ಕೈಯಲ್ಲಿ ಚಿಮುಕಿಸಬೇಕು. ದಸರೆಯ ಮಳೆಗಾಲದ ತೇವಕ್ಕೆ ಒತ್ತಾದ ಪೈರಿನ ಬುಡದಲ್ಲಿ ಬೂಷ್ಟು ಬಂದರೆ ಎರಡೇ ದಿನದಲ್ಲಿ ಗದ್ದೆ ಮಲಗಿಬಿಡುತ್ತದೆ.

ಉತ್ತರ ಕರ್ನಾಟಕದಲ್ಲಿ ನವರಾತ್ರಿಯ ಘಟದ ಸುತ್ತ ಧಾನ್ಯ ಬಿತ್ತಿ ಒಂಬತ್ತು ದಿನ ಬೆಳೆಸುತ್ತಾರೆ. ಮದುವೆಯಲ್ಲಿ ಅಂಕುರಾರ್ಪಣವಿದೆ. ಬೆಳಗಾವಿಯ ಮಕ್ಕಳು ದೀಪಾವಳಿಗೆ ಮಣ್ಣಿನ ಕೋಟೆ ಕಟ್ಟಿ, ಅದರ ಇಳಿಜಾರಿನಲ್ಲಿ ಸಾಸಿವೆಯನ್ನೋ ಅಲ್ಲಿಯವರು ನಾಚಣಿ ಎನ್ನುವ ರಾಗಿಯನ್ನೋ ಮೊಳೆಸಿ ಸಿಪಾಯಿ ಗೊಂಬೆಗಳನ್ನು ನಿಲ್ಲಿಸುತ್ತಾರೆ. ಪಾರ್ಕಿನ ರಾಗಿ ಇವುಗಳಿಗೆ ನಂಟನೇ ಹೌದೋ ಅಲ್ಲವೋ, ಹಬ್ಬದ ದಿನ ಮನೆಯೊಳಗೆ ಪೈರು ಕಾಣಬೇಕೆಂಬ ಆಸೆ ಮಾತ್ರ ಎಲ್ಲ ಕಡೆ ಒಂದೇ.

ಬೆಳಕವಾಡಿಯ ಸುತ್ತ ಒಂದು ಸುತ್ತು

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಂಥ ಊರಿನಲ್ಲಿ ಪಾರ್ಕಿಗೆ ಬೇಕಾದ ಮುಕ್ಕಾಲು ಪಾಲು ಸಾಮಾನಿಗೆ ಕಾಸು ಬಿಚ್ಚಬೇಕಿಲ್ಲ. ಒಂದು ಕಡೆ ಭತ್ತ, ಕಬ್ಬು, ತೆಂಗು, ಮಳೆಯಾಶ್ರಯದಲ್ಲಿ ರಾಗಿ, ಸ್ವಲ್ಪ ದೂರದಲ್ಲಿ ಕಾವೇರಿ, ಶಿವನಸಮುದ್ರ. ಗೊತ್ತಿದ್ದವರ ಕಣ್ಣಿಗೆ ಕಸವೆಂಬುದೇ ಇಲ್ಲ. ತೆಂಗಿನ ನಾರನ್ನು ಬಿಡಿಸಿ ಕತ್ತರಿಸಿದರೆ ಗುಡಿಸಲ ಸೂರು. ಕಬ್ಬಿನ ತರಗನ್ನು ಕೈಯಲ್ಲಿ ಉಜ್ಜಿದರೆ ಮರದಡಿಯ ಒಣ ಎಲೆ. ಆಲೆಮನೆಯ ಬೂದಿ ಹಳ್ಳಿಯ ದೂಳು ರಸ್ತೆ. ಅಂಚಿಕಡ್ಡಿಗೆ ಕಂದು ದಾರ ಸುತ್ತಿ, ತುದಿಗೆ ಕತ್ತರಿಸಿದ ಹಸಿರು ಕಾಗದದ ಗರಿ ಕಟ್ಟಿದರೆ ತೆಂಗಿನ ಮರ. ಒಣಗಿದ ತುಳಸಿ ಗಿಡದ ಕವಲುಗಳಷ್ಟು ನವಿರಾಗಿ ಮರದ ಕೊಂಬೆಯನ್ನು ಹೋಲುವುದು ಇನ್ನೊಂದಿಲ್ಲ. ಆದರೆ ತುಳಸಿಯನ್ನು ನೆಲದ ಮೇಲೆ, ಗೊಂಬೆಯ ಕಾಲಬಳಿ ಇಡಲು ಹಿರಿಯರು ಒಪ್ಪುವುದಿಲ್ಲ. ಅಂಥ ಮನೆಗಳಲ್ಲಿ ಬೀಜಕ್ಕೆ ಬಿಟ್ಟು ಒಣಗಿದ ಕೊತ್ತಂಬರಿ ಗಿಡ ಆ ಜಾಗಕ್ಕೆ ಬರುತ್ತದೆ. ಒಣಗಿದ ತುಪ್ಪದ ಹೀರೇಕಾಯಿಯ ನಾರನ್ನು ಚೂರು ಮಾಡಿ ಹಸಿರು ಬಣ್ಣದಲ್ಲಿ ಅದ್ದಿ ಈ ಕೊಂಬೆಗಳಿಗೆ ಸಿಕ್ಕಿಸಿದರೆ ಎಲೆ ತುಂಬಿದ ಮರ.

ಮರಳಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಅರ್ಧ ಮಿಲಿಮೀಟರಿನ ಮರಳ ಕಣ ಹನ್ನೆರಡರಲ್ಲಿ ಒಂದರ ಅಳತೆಯಲ್ಲಿ ಆರು ಮಿಲಿಮೀಟರಿನ ಸಣ್ಣ ಕಲ್ಲಾಗುತ್ತದೆ. ಗೊಂಬೆಯೂರಿನ ರಸ್ತೆಗೆ ಹೊಳೆಮರಳು ಹಾಕಿದರೆ ಅದು ಜಲ್ಲಿ ಹರಡಿ ಟಾರು ಕಾಣದ ರಸ್ತೆಯಂತಿರುತ್ತದೆ! ರಸ್ತೆಗೆ ಬೇಕಾದದ್ದು ವಸ್ತ್ರಗಾಳಿತ ಮಣ್ಣು ಅಥವಾ ರಂಗೋಲಿ ಪುಡಿ. ಮರಳು ಸರಿಹೋಗುವುದು ಹೊಳೆಯ ದಡಕ್ಕೆ. ಈಗ ಹಳ್ಳಿಗಳಲ್ಲೂ ಮನೆ ಕಟ್ಟುವವರ ಮುಂದೆ ಬಿದ್ದಿರುವುದು ಹೆಚ್ಚಾಗಿ ಎಂ-ಸ್ಯಾಂಡ್. ಕಲ್ಲು ಪುಡಿಮಾಡಿ ತಯಾರಿಸಿದ ಅದರ ಕಣಗಳು ಮೂಲೆಮೂಲೆಯಾಗಿ ಒಡೆದಿರುತ್ತವೆ. ನೀರಿನಲ್ಲಿ ಉರುಳಿ ನುಣುಪಾದ ಹೊಳೆಮರಳಿನಂತಲ್ಲ. ಗೊಂಬೆಮನೆಯ ಗುಡ್ಡದ ಬುಡಕ್ಕೆ ಬಂಡೆ ಚೂರಾಗಿ ಹಾಕಲು ಇದೇ ಉತ್ತಮ.

ಗುಡ್ಡವನ್ನು ಮಾಡುವ ಹಳೆಯ ಕ್ರಮ ಸರಳ. ಟ್ರಂಕು, ಡಬ್ಬ, ಮಣೆಗಳನ್ನು ಏರಿಳಿತವಾಗಿ ಜೋಡಿಸಿ, ಕೆಮ್ಮಣ್ಣಿನ ಬಗ್ಗಡದಲ್ಲಿ ಅದ್ದಿದ ಗೋಣಿಚೀಲವನ್ನು ಮೇಲೆ ಹೊದಿಸುವುದು. ಗೋಣಿ ಒಣಗುತ್ತಾ ತಾನಾಗಿ ಸುಕ್ಕುಗಟ್ಟಿ ಕೊರಕಲು, ಕಣಿವೆಗಳನ್ನು ಮಾಡಿಕೊಳ್ಳುತ್ತದೆ. ಗೋಣಿಯ ಎಳೆಗಳ ನಡುವೆ ಸಿಕ್ಕಿದ ರಾಗಿ ಇಳಿಜಾರಿನಲ್ಲಿಯೂ ಜಾರದೆ ಮೊಳೆಯುತ್ತದೆ. ಅಮೆರಿಕದ ಆಟಿಕೆ ರೈಲಿನ ಹವ್ಯಾಸಿಗಳು ತಂತಿಜಾಲರಿಯ ಮೇಲೆ ಪ್ಲಾಸ್ಟರಿನಲ್ಲಿ ಅದ್ದಿದ ಬಟ್ಟೆ ಹೊದಿಸುವುದೂ ಇದೇ ತತ್ತ್ವ. ಅವರ ಬೆಟ್ಟ ವರ್ಷಗಟ್ಟಲೆ ಉಳಿಯುತ್ತದೆ. ನಮ್ಮದು ಹತ್ತು ದಿನದ್ದು.

ಸಾಂಬಾರದ ಡಬ್ಬಿಯ ಪೊದೆ

ಪಾಶ್ಚಾತ್ಯ ರೈಲು ಹವ್ಯಾಸಿಗಳ ಸಾಮಾನ್ಯ ಅಳತೆ 87ರಲ್ಲಿ ಒಂದು. ಅವರ ಮನುಷ್ಯ ಒಂದು ಅಂಗುಲವೂ ಇಲ್ಲ. ಅಷ್ಟು ಸಣ್ಣ ಊರಿನಲ್ಲಿ ರಾಗಿ ಪೈರು ಆಳೆತ್ತರ ಮೀರಿದ ಬಿದಿರು ಮೆಳೆಯಾದೀತು. ಹಾಗಾಗಿ ಅವರು ಬಣ್ಣ ಹಾಕಿದ ಮರದ ಹೊಟ್ಟಿಗೆ, ನುಣ್ಣಗೆ ಅರೆದ ಸ್ಪಂಜಿಗೆ ಮೊರೆಹೋದರು. ಇನ್ನೊಂದು ವಿಧಾನದಲ್ಲಿ ಮಿಲಿಮೀಟರು ಲೆಕ್ಕದ ನೈಲಾನ್ ಎಳೆಗಳಿಗೆ ಸ್ಥಿರವಿದ್ಯುತ್ತಿನ ಆವೇಶ ಕೊಟ್ಟು ಅಂಟಿನ ಮೇಲೆ ಉದುರಿಸುತ್ತಾರೆ. ಎಳೆಗಳು ಒಂದನ್ನೊಂದು ದೂಡಿ ಹುಲ್ಲಿನಂತೆ ನೆಟ್ಟಗೆ ನಿಲ್ಲುತ್ತವೆ. ಬಾಚಿದ ಬಾಚಣಿಗೆಯ ಬಳಿ ಕಾಗದದ ಚೂರು ನಿಮಿರುವ ಶಾಲೆಯ ಪ್ರಯೋಗವೇ ಇಲ್ಲಿ ಹುಲ್ಲುಗಾವಲಾಗಿದೆ.

ಪೊದೆಗಳಿಗೆ ಅವರು ದಶಕಗಳಿಂದ ಬಳಸುತ್ತಿರುವುದು ಉತ್ತರ ಯೂರೋಪಿನ ಹಿಮಸಾರಂಗಗಳು ಮೇಯುವ ಒಂದು ಬಗೆಯ ಕಲ್ಲುಹೂವನ್ನು. ಗ್ಲಿಸರಿನ್‌ನಲ್ಲಿ ನೆನೆಸಿ, ಬಣ್ಣ ಹಾಕಿ, ಪೊಟ್ಟಣ ಕಟ್ಟಿ ಮಾರುತ್ತಾರೆ. ಕಲ್ಲುಹೂವೆಂದರೆ ನಮ್ಮ ಗೃಹಿಣಿಯರಿಗೆ ಹೊಸದಲ್ಲ. ಮಸಾಲೆ ಪುಡಿಗೆ ಹಾಕುವ, ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಕಪ್ಪು ಬಿಳಿ ಬಣ್ಣದ ಸುರುಟು ಪಕಳೆಗಳು ಅವೇ ಜಾತಿಯ ಬಂಧುಗಳು. ಹೂವೆಂಬುದು ಹೆಸರಿಗಷ್ಟೇ, ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಜೀವ ಅದು. ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ಬಿಸಿನೀರು ಬೆರೆಸಿ ಎರಡು ದಿನ ನೆನೆಸಿ ನೆರಳಲ್ಲಿ ಒಣಗಿಸಿದರೆ ಅದು ಪುಡಿಯಾಗದೆ ಮೆತ್ತಗೆ ಉಳಿಯುತ್ತದೆ. ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುವುದೇ ಇದಕ್ಕೆ ಕಾರಣ. ಒಂದು ಚಿಟಿಕೆ ಹಸಿರು ಬಣ್ಣ ಸೇರಿಸಿದರೆ ಸಾಂಬಾರದ ಡಬ್ಬಿಯಿಂದ ಲಂಟಾನ ಪೊದೆ ಎದ್ದು ಬರುತ್ತದೆ.

ಆದರೆ ಇದನ್ನು ಅಂಗಡಿಯಿಂದ ತರಬೇಕೇ ಹೊರತು ಕಾಡಿನ ಬಂಡೆಯಿಂದ ಕೆರೆದು ತರಬಾರದು. ಹಲವು ಜಾತಿಯ ಕಲ್ಲುಹೂವು ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರು. ಅಂಗೈ ಅಗಲದ ತುಂಡು ಕಿತ್ತವನು ಮಗುವೊಂದು ಬೆಳೆದು ದೊಡ್ಡವನಾಗುವಷ್ಟು ಕಾಲವನ್ನು ಕಿತ್ತಂತೆ. ಮುತ್ತತ್ತಿಯ ಸುತ್ತಲ ಕಾಡು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮಕ್ಕೆ ಸೇರಿದ್ದು; ಅಲ್ಲಿಂದ ತೊಗಟೆ, ಪಾಚಿ, ಹಕ್ಕಿಗೂಡು ತರುವುದು ಕಾನೂನಿಗೂ ವಿರುದ್ಧ. ಪಾರ್ಕಿಗೆ ಬೇಕಾದ ಪಾಚಿ ಬಚ್ಚಲ ಹಿಂದಿನ ಗೋಡೆಯ ಮೇಲೆಯೇ ಧಾರಾಳವಾಗಿದೆ.

ಮರದ ಹೊಟ್ಟಿಗೆ ಬಣ್ಣ ಹಾಕುವಾಗ ಅರಿಶಿನವನ್ನು ನೆಚ್ಚಿಕೊಳ್ಳುವವರುಂಟು. ಬಿಸಿಲಿಗೆ ಅದು ಬಹುಬೇಗ ಮಂಕಾಗುತ್ತದೆ. ಸುಣ್ಣ ಬಳಿದ ಗುಡ್ಡದ ಮೇಲೆ ತೇವವಿರುವಾಗಲೇ ಉದುರಿಸಿದರೆ ಓಕುಳಿಯಂತೆ ಕೆಂಪಾಗಿಬಿಡುತ್ತದೆ. ಅಂಟಿಗೆ ಹಿಂದೆ ಮೈದಾ ಗಂಜಿಯೇ ಗತಿ. ಹುಳು ಬೀಳದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಮೈಲುತುತ್ತ ವಿಷ, ಮಕ್ಕಳಿರುವ ಮನೆಗೆ ಬೇಡ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಕಲಾವಿದರು ಹುಣಸೆ ಬೀಜದ ಅಂಟನ್ನು ನೆಚ್ಚಿದವರು. ಒಣಗಿದ ಮೇಲೆ ಪಾರದರ್ಶಕವಾಗುವ ಬಿಳಿಯ ಫೆವಿಕಾಲ್ ಬಂದ ಮೇಲೆ ಈ ಅಂಟುಗಳೆಲ್ಲ ಅಡುಗೆಮನೆಯಿಂದ ಮಾಯವಾದವು.

ಗಗನಚುಕ್ಕಿಯನ್ನು ಹಜಾರಕ್ಕೆ ತರುವುದು

ಮಂಡ್ಯ ಸೀಮೆಯ ಪಾರ್ಕೆಂದ ಮೇಲೆ ಒಂದು ಜಲಪಾತ ಬೇಡವೇ? ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಒಡೆದು ಒಂದು ಕಡೆ ಗಗನಚುಕ್ಕಿ, ಮತ್ತೊಂದು ಕಡೆ ಭರಚುಕ್ಕಿಯಾಗಿ ಧುಮುಕುತ್ತಾಳೆ. ಈ ಇಳಿತದಿಂದಲೇ 1902ರಲ್ಲಿ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು, ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆ ಅದು. ಗೊಂಬೆಮನೆಯ ಸೀರಿಯಲ್ ಸೆಟ್ಟಿನ ಮೂಲಪುರುಷ ಇಲ್ಲಿಯೇ ಇದ್ದಾನೆ ಎನ್ನಬಹುದು.

ಎತ್ತರವನ್ನು ಸುಮಾರು 98 ಮೀಟರ್ ಎಂದು ಹೇಳುವುದು ರೂಢಿ. ಅಡಿಗೊಂದು ಅಂಗುಲದ ಲೆಕ್ಕ ಹಿಡಿದರೆ ಗೊಂಬೆಮನೆಯ ಗಗನಚುಕ್ಕಿ 8 ಮೀಟರಿಗೂ ಹೆಚ್ಚು, ಅಂದರೆ ಎರಡಂತಸ್ತಿನ ಮನೆಯಷ್ಟು ಎತ್ತರ ಇರಬೇಕು. ಆಗದ ಮಾತು. ಇಲ್ಲಿ ಕಣ್ಣಿಗೆ ಮಾಡುವ ಮೋಸವೇ ದಾರಿ: ಮುಂದೆ ಆರಂಗುಲದ ಗೊಂಬೆ, ಅದರ ಹಿಂದೆ ಮೂರಂಗುಲದ್ದು, ಗುಡ್ಡದ ಬಳಿ ಅಂಗುಲದ್ದು. ಮರಗಳೂ ಹಿಂದೆ ಹೋದಂತೆ ಗಿಡ್ಡವಾಗಬೇಕು, ಬಣ್ಣ ತೆಳುವಾಗಿ ನೀಲಿಗೆ ತಿರುಗಬೇಕು. ದೂರದ ಬೆಟ್ಟ ನೀಲಿಯಾಗಿ ಕಾಣುವುದನ್ನು ನೋಡಿದವರಿಗೆ ಇದು ಹೇಳಿಕೊಡಬೇಕಾದ ವಿದ್ಯೆಯಲ್ಲ. ಆಗ ಮೂರಡಿಯ ಗೋಣಿಗುಡ್ಡವೂ ಗಗನಚುಕ್ಕಿಯಾಗುತ್ತದೆ.

ನೀರನ್ನು ಮಾತ್ರ ಕಿರಿದು ಮಾಡಲಾಗದು. ಪಂಪು ಇಟ್ಟು ನಿಜವಾದ ನೀರು ಹರಿಸಿದವರು ಬೇಸರಪಟ್ಟುಕೊಳ್ಳುವುದು ಇದಕ್ಕೇ. ಹನಿಯ ಗಾತ್ರವನ್ನು ನಿರ್ಧರಿಸುವುದು ನೀರಿನ ಮೇಲ್ಮೈ ಎಳೆತ. ಅದು ಗೊಂಬೆಯ ಅಳತೆಗೆ ಮಣಿಯುವುದಿಲ್ಲ. ಆರಂಗುಲದ ಮನುಷ್ಯನ ಮುಂದೆ ಆ ನೀರು ಜಲಪಾತವಾಗದೆ ಒಡೆದ ನಲ್ಲಿಯಂತೆ ಕಾಣುತ್ತದೆ. ಅದಕ್ಕಿಂತ ತೆಳ್ಳಗೆ ಎಳೆದ ಅರಳೆ, ಬೆಳ್ಳಿ ಜರಿಯ ಎಳೆ, ಬುಡದಲ್ಲಿ ತುಂತುರಿಗೆ ಎಕ್ಕದ ಬೀಜದ ಬಿಳಿ ತುಪ್ಪಳು ಎಷ್ಟೋ ನಿಜವಾಗಿ ಕಾಣುತ್ತವೆ. ಕೆರೆಗೆ ಕನ್ನಡಿ. ಅದರ ಅಂಚು ಕಾಣದಂತೆ ಮರಳು, ಪಾಚಿ ಮುಚ್ಚಬೇಕು. ಅಂಚು ಕಂಡರೆ ಕೆರೆ ಹೋಗಿ ಕನ್ನಡಿ ಉಳಿಯುತ್ತದೆ.

ಎಚ್ಚರಿಕೆಯ ಮಾತೊಂದನ್ನು ಇಲ್ಲಿ ಹೇಳಲೇಬೇಕು. ಅರಳೆ, ಒಣಹುಲ್ಲು, ನಾರು, ಈಚೆಗೆ ಥರ್ಮೋಕೋಲ್. ಪಕ್ಕದಲ್ಲಿ ಆರತಿಯ ದೀಪ, ಮೇಲೆ ಹತ್ತು ದಿನ ಉರಿಯುವ ಬಣ್ಣದ ಬಲ್ಬು. ಥರ್ಮೋಕೋಲ್ ಕಾವಿಗೆ ಕರಗಿ, ಹೊತ್ತಿಕೊಂಡರೆ ದಟ್ಟ ಕಪ್ಪು ಹೊಗೆ ಕಾರುತ್ತದೆ. ಮಣ್ಣಿನ ಬಗ್ಗಡದ ಗೋಣಿಗುಡ್ಡ ಅಷ್ಟು ಸುಲಭವಾಗಿ ಹೊತ್ತುವುದಿಲ್ಲ. ಹಗುರ, ಕತ್ತರಿಸಲು ಸುಲಭ ಎಂದು ಥರ್ಮೋಕೋಲ್‌ಗೆ ಮಾರುಹೋಗುವವರು ದೀಪವನ್ನು ಪಾರ್ಕಿನಿಂದ ಮಾರುದೂರ ಇಡುವುದು ಕ್ಷೇಮ.

ಹುಲ್ಲಿನ ಮೆದೆಯೊಂದನ್ನು ಮಾಡುವುದು ಎಲ್ಲಕ್ಕಿಂತ ಸುಲಭವಾಗಿತ್ತು. ಈಗ ಅದೇ ಕಷ್ಟ. ಕೈಯಲ್ಲಿ ಕೊಯ್ದು ಬಡಿದ ಭತ್ತದ ಹುಲ್ಲು ಉದ್ದವಾಗಿ, ಮುರಿಯದೆ ಇರುತ್ತಿತ್ತು. ಕಟಾವು ಯಂತ್ರ ಹಾದುಹೋದ ಗದ್ದೆಯಲ್ಲಿ ಸಿಗುವುದು ನುರಿದ ಹುಲ್ಲು. ಅದನ್ನೂ ಇನ್ನೊಂದು ಯಂತ್ರ ಉಂಡೆ ಸುತ್ತಿ ಕಟ್ಟಿಬಿಡುತ್ತದೆ. ಹುಲ್ಲಾದರೂ ಹೇಗೋ ಸಿಕ್ಕೀತು. ಮೆದೆಯನ್ನು ಬುಡದಲ್ಲಿ ಹೇಗೆ ಒಟ್ಟುತ್ತಾರೆ, ಮಳೆನೀರು ಇಳಿಯಲು ತಲೆಯನ್ನು ಹೇಗೆ ಇಳಿಜಾರು ಮಾಡುತ್ತಾರೆ, ಕಣದ ನಡುವಿನ ಮೇಟಿಗೆ ಎತ್ತನ್ನು ಹೇಗೆ ಕಟ್ಟುತ್ತಾರೆ, ರೋಣಗಲ್ಲು ಎಷ್ಟು ಗಾತ್ರದ್ದು ಎಂಬುದನ್ನು ಕಣ್ಣಾರೆ ಕಂಡವರು ಮನೆಮನೆಯಲ್ಲಿ ಕಡಿಮೆಯಾಗುತ್ತಿದ್ದಾರೆ. ಒಕ್ಕಣೆ ಡಾಂಬರು ರಸ್ತೆಗೆ ಬಂದ ಮೇಲೆ ಹುಟ್ಟಿದ ಮಗುವಿಗೆ ಸಗಣಿ ಸಾರಿಸಿದ ಕಣವನ್ನು ಗೊಂಬೆಮನೆಯಲ್ಲಿಯೇ ಮೊದಲು ನೋಡಬೇಕಾಗಿದೆ. ಕಪಿಲೆ ಬಾವಿ, ಎತ್ತಿನ ಗಾಣ, ನಾಡಹೆಂಚಿನ ತೊಟ್ಟಿಮನೆಗಳ ಕತೆಯೂ ಇದೇ.

ಮೈಸೂರಿನ ಕಾರಂಜಿ ಕೆರೆಯ ದಂಡೆಯಲ್ಲಿ 1995ರಲ್ಲಿ ಆರಂಭವಾದ ಪ್ರಾದೇಶಿಕ ನಿಸರ್ಗ ವಿಜ್ಞಾನ ಸಂಗ್ರಹಾಲಯದಲ್ಲಿ ಪಶ್ಚಿಮಘಟ್ಟದ ಕಾಡನ್ನು ಡಯೊರಾಮಾಗಳಲ್ಲಿ ಕಟ್ಟಿ ತೋರಿಸಿದ್ದಾರೆ. ಸಂಗ್ರಹಾಲಯಗಳಲ್ಲಿ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಹೆಸರಾದವನು ಅಮೆರಿಕದ ಕಾರ್ಲ್ ಏಕ್ಲಿ. ಒಂದೊಂದು ಎಲೆಯನ್ನೂ ಅಚ್ಚು ತೆಗೆದು ಮೇಣದಲ್ಲಿ ಎರಕ ಹೊಯ್ದು ಮಾಡುವ ಪರಿಪಾಠ ಅಲ್ಲಿಯದು. ಅಳಿದುಹೋಗಬಹುದಾದ ಕಾಡನ್ನು ಗಾಜಿನ ಹಿಂದೆಯಾದರೂ ಉಳಿಸಬೇಕೆಂಬ ತವಕ ಆ ಕೆಲಸದ ಹಿಂದಿತ್ತು. ಕಾಡಿಗೆ ಸಂಗ್ರಹಾಲಯವಿದೆ. ಕಣಕ್ಕೆ, ಮೆದೆಗೆ, ಚಂದ್ರಿಕೆಗೆ ಸದ್ಯಕ್ಕೆ ಇರುವುದು ಅಜ್ಜಿಯರ ಪಾರ್ಕು. ಅಲ್ಲಿ ಅಳತೆ ತಪ್ಪಿದರೆ ತಿದ್ದಿ ಹೇಳುವವರೂ ಅವರೇ: ‘ಅಷ್ಟು ದೊಡ್ಡ ರೋಣಗಲ್ಲ ಯಾವ ಎತ್ತು ಎಳೀತದೆ ಮಗಾ?’

ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಯನ್ನು ಮಲಗಿಸಿದ ಮೇಲೆ ಪಾರ್ಕನ್ನು ಕಿತ್ತುಹಾಕುವ ಕೆಲಸ. ಬಾಡಿದ ರಾಗಿ ಪೈರು ಹಸುವಿಗೆ, ಮಣ್ಣು ಕೈತೋಟಕ್ಕೆ, ಗೋಣಿಚೀಲ ಒಗೆದು ಅಟ್ಟಕ್ಕೆ. ಹೀರೇನಾರಿನ ಮರಗಳನ್ನು ಬೇವಿನ ಎಲೆಯೊಂದಿಗೆ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟರೆ ಎರಡು ಮೂರು ವರ್ಷ ಬಾಳುತ್ತವೆ. ಕಲ್ಲುಹೂವಿನ ಪೊದೆಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು. ಡಬ್ಬಿಯ ಮೇಲೆ ಮರೆಯದೆ ಚೀಟಿ ಅಂಟಿಸಬೇಕು. ಬಣ್ಣ, ಗ್ಲಿಸರಿನ್ ಕುಡಿದ ಆ ಪೊದೆ ತಪ್ಪಿ ಮಸಾಲೆ ಪುಡಿಗೆ ಬೀಳಬಾರದಲ್ಲ.